ಸಿಎನ್‌ಸಿ ಎಮರ್ಜೆನ್ಸಿ ಬಟನ್ ಕೈಕೊಟ್ರೆ ತೊಂದರೆ ಎಲ್ಲಿದೆ ಅಂತ ಹುಡುಕೋದು ಹೇಗೆ

ಸಿಎನ್‌ಸಿ, ಅಂದ್ರೆ ಕಂಪ್ಯೂಟರ್ ಹೇಳಿದಂಗೆ ಮರ ಕೊರೆಯೋ ಮೆಷಿನ್, ಅದರ ಇ-ಸ್ಟಾಪ್ (ಎಮರ್ಜೆನ್ಸಿ ಬಟನ್) ತೊಂದರೆ ಅಂತ ಹೇಳ್ಕೊಂಡು ಬರೋರಲ್ಲಿ ಹೆಚ್ಚಿನವರದ್ದು ಒಂದೇ ಕಂಪ್ಲೇಂಟು, ಜಾಬ್ ಅರ್ಧ ಓಡಿರುತ್ತೆ, ಯಾರೂ ಬಟನ್ ಮುಟ್ಟಿರಲ್ಲ, ಮೆಷಿನ್ ಟಕ್ ಅಂತ ನಿಂತ್ಹೋಗುತ್ತೆ, ಮರನೂ ಹಾಳು, ಕೊರೆಯೋ ಬಿಟ್ಟೂ ಹಾಳು. ಅದಕ್ಕೆ ತುಂಬಾ ಜನ ಮಾಡೋ ಸುಲಭದ ಕೆಲಸ ಅಂದ್ರೆ ಬಟನ್‌ನ ಎರಡು ವೈರ್ ತೆಗೆದು ಒಂದಕ್ಕೊಂದು ತಿರುಚಿ ಟೇಪ್ ಸುತ್ತಿಬಿಡೋದು. ಆಮೇಲೆ ಮೆಷಿನ್ ನಿಲ್ಲಲ್ಲ, ನಿಜ, ಆದ್ರೆ ಬೇಕಾದಾಗ್ಲೂ ನಿಲ್ಲಲ್ಲ. ದಯವಿಟ್ಟು ಹಂಗೆ ಮಾಡ್ಬೇಡಿ. ಒಂದು ಮಲ್ಟಿಮೀಟರ್, ಒಂದು ಸ್ಕ್ರೂ ಡ್ರೈವರ್, ಸ್ವಲ್ಪ ತಾಳ್ಮೆ ಇದ್ರೆ ಈ ತೊಂದರೆ ಮನೆಯಲ್ಲೇ ಹುಡುಕ್ಬಹುದು.

ಈ ಬಟನ್ ಕೆಡೋದು ಎರಡು ತರ. ಒಂದು, ಒತ್ತದೇ ಇದ್ರೂ ಮೆಷಿನ್ ನಿಲ್ಲೋದು. ಇನ್ನೊಂದು, ಒತ್ತಿದ್ರೂ ನಿಲ್ಲದೇ ಇರೋದು. ಮೊದಲನೇದು ಕಿರಿಕಿರಿ, ಎರಡನೇದು ಕೈಬೆರಳಿಗೆ ಬರೋ ಅಪಾಯ. ನೀವು ಮೊದಲನೇದಕ್ಕೆ ಅಂತ ಇದನ್ನ ಓದ್ತಾ ಇದ್ರೂ ಎರಡನೇದನ್ನೇ ಮೊದ್ಲು ಚೆಕ್ ಮಾಡಿ, ಅದು ಪಾಸ್ ಆಗೋವರೆಗೂ ಜಾಬ್ ಹಾಕ್ಬೇಡಿ.

ಬಟನ್ ಏನನ್ನ ಕಟ್ ಮಾಡ್ತಿದೆ ಅಂತ ತಿಳ್ಕೊಳ್ಳಿ

ಬಾಕ್ಸ್ ಬಿಚ್ಚಿ, ಬಟನ್ ಹಿಂದಿನ ವೈರ್ ಎಲ್ಲಿಗೆ ಹೋಗಿದೆ ಅಂತ ಕೈಯಲ್ಲಿ ಹಿಡ್ಕೊಂಡು ಕೊನೇತನಕ ನೋಡಿ. ಬಿಚ್ಚೋ ಮುಂಚೆ 230 ವೋಲ್ಟ್ ಪ್ಲಗ್ ಕಿತ್ತಿರ್ಬೇಕು, ಯುಎಸ್‌ಬಿ ಕೇಬಲ್ಲೂ ಕಿತ್ತಿರ್ಬೇಕು, ಯಾಕಂದ್ರೆ ಪವರ್ ಸಪ್ಲೈ ಆಫ್ ಆಗಿದ್ರೂ ಬೋರ್ಡ್‌ಗೆ ಯುಎಸ್‌ಬಿಯಿಂದ 5 ವೋಲ್ಟ್ ಬರ್ತಾನೇ ಇರುತ್ತೆ. ಸ್ಪಿಂಡಲ್‌ಗೆ (ಬಿಟ್ ತಿರುಗಿಸೋ ಮೋಟಾರ್) ವಿಎಫ್‌ಡಿ, ಅಂದ್ರೆ ವೇಗ ಹೊಂದಿಸೋ ಡ್ರೈವ್, ಇದ್ರೆ ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ನಲ್ಲಿ ಸಾಯಿಸೋವಷ್ಟು ಚಾರ್ಜ್ ಉಳಿದಿರುತ್ತೆ, ಅದರ ಮೇಲೆ ಎಷ್ಟು ನಿಮಿಷ ಕಾಯಿರಿ ಅಂತ ಬರೆದಿರ್ತಾರೋ ಅಷ್ಟೂ ಹೊತ್ತು ಕಾದು ಆಮೇಲೆ ಕೈ ಹಾಕಿ.

ಹವ್ಯಾಸಿ ಮೆಷಿನ್‌ಗಳಲ್ಲಿ ಸಾಮಾನ್ಯವಾಗಿ ಮೂರು ತರದ ವೈರಿಂಗ್ ಕಾಣುತ್ತೆ. ಒಂದರಲ್ಲಿ ಎರಡು ಸಣ್ಣ ವೈರ್ ಸೀದಾ ಕಂಟ್ರೋಲರ್ ಬೋರ್ಡ್‌ಗೆ ಹೋಗಿರುತ್ತೆ. ಆರ್ಡುಯಿನೋ ಊನೋ ಅನ್ನೋ ಸಣ್ಣ ಬೋರ್ಡ್ ಮೇಲೆ ಸಿಎನ್‌ಸಿ ಶೀಲ್ಡ್ ಅನ್ನೋ ಇನ್ನೊಂದು ಬೋರ್ಡ್ ಕೂರಿಸಿ ಜಿಆರ್‌ಬಿಎಲ್ ಅನ್ನೋ ಕಂಟ್ರೋಲ್ ಸಾಫ್ಟ್‌ವೇರ್ ಓಡಿಸೋರದ್ದು ಹೆಚ್ಚಾಗಿ ಇದೇ, ಶೀಲ್ಡ್ ಮೇಲೆ ಅಬಾರ್ಟ್ ಅಂತಿರೋ ಪಿನ್‌ಗೆ, ಅಂದ್ರೆ ಊನೋದ ಎ0 ಪಿನ್‌ಗೆ. ಇಲ್ಲಿ ಬಟನ್ ಕರೆಂಟ್ ಕಟ್ ಮಾಡಲ್ಲ, ಸಾಫ್ಟ್‌ವೇರ್‌ಗೆ ನಿಲ್ಲಿಸು ಅಂತ ಹೇಳುತ್ತೆ ಅಷ್ಟೇ. ಬೋರ್ಡ್ ಹ್ಯಾಂಗ್ ಆಗಿದ್ರೋ, ಸ್ಪಿಂಡಲ್ ರಿಲೇ ಒಳಗೆ ಅಂಟ್ಕೊಂಡಿದ್ರೋ ಆ ಮಾತು ಕೇಳೋರು ಯಾರೂ ಇರಲ್ಲ. ಎರಡನೇ ತರದಲ್ಲಿ ಎಸ್‌ಎಂಪಿಎಸ್‌ನಿಂದ (ಮೆಷಿನ್‌ನ ಪವರ್ ಸಪ್ಲೈ) ಬರೋ 24 ವೋಲ್ಟ್ ವೈರನ್ನೇ ಬಟನ್ ಒಳಗಿಂದ ಹಾಯಿಸಿರ್ತಾರೆ. ಮೂರನೇದರಲ್ಲಿ ಬಟನ್ ಒಂದು ಕಾಂಟ್ಯಾಕ್ಟರ್‌ನ (ಕಾಯಿಲ್‌ಗೆ ಕರೆಂಟ್ ಇದ್ರೆ ಮಾತ್ರ ಆನ್ ಆಗಿರೋ ದೊಡ್ಡ ಸ್ವಿಚ್) ಕಾಯಿಲ್ ಕರೆಂಟ್ ಕಟ್ ಮಾಡುತ್ತೆ, ಕಾಂಟ್ಯಾಕ್ಟರ್ ಇಡೀ ಮೆಷಿನ್‌ದು ಮೇನ್ಸ್ ಕಟ್ ಮಾಡುತ್ತೆ. ನನ್ನ ಕೇಳಿದ್ರೆ ಈ ಮೂರನೇದೇ ಸರಿ, ಜೊತೆಗೆ ಬೋರ್ಡ್‌ಗೂ ಒಂದು ಸಿಗ್ನಲ್ ಕೊಟ್ರೆ ಇನ್ನೂ ಚೆನ್ನ.

ಇಲ್ಲೇ ಇನ್ನೊಂದು ನೋಡ್ಕೊಳ್ಳಿ, ಸ್ಪಿಂಡಲ್ ಜಾಗದಲ್ಲಿ ಕೈಯಲ್ಲಿ ಹಿಡಿಯೋ ಟ್ರಿಮ್ ರೌಟರ್ ಹಾಕಿರೋರು ಅದರ ಪ್ಲಗ್ಗನ್ನ ಗೋಡೆ ಸಾಕೆಟ್‌ಗೆ ಬೇರೆಯಾಗೇ ಚುಚ್ಚಿರ್ತಾರೆ. ಆಗ ಇ-ಸ್ಟಾಪ್ ಒತ್ತಿದ್ರೆ ಗ್ಯಾಂಟ್ರಿ (ಸ್ಪಿಂಡಲ್ ಹೊತ್ತು ಓಡಾಡೋ ಚೌಕಟ್ಟು) ನಿಲ್ಲುತ್ತೆ, ರೌಟರ್ ತಿರುಗ್ತಾನೇ ಇರುತ್ತೆ, ಬಿಟ್ ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ಮರ ಕಪ್ಪಾಗಿ ಹೊಗೆ ಬರೋಕೆ ಶುರು. ಇದು ಬಟನ್ ಕೆಟ್ಟಿರೋದಲ್ಲ, ವೈರಿಂಗ್‌ನಲ್ಲೇ ಇರೋ ಕೊರತೆ, ರೌಟರ್ ಪ್ಲಗ್ಗೂ ಅದೇ ಕಾಂಟ್ಯಾಕ್ಟರ್ ಮೂಲಕ ಬರೋ ಹಾಗೆ ಮಾಡ್ಬೇಕು.

ಒತ್ತಿದ್ರೂ ನಿಲ್ತಿಲ್ಲ ಅಂದ್ರೆ

ಮಾಮೂಲಿ 22 ಎಂಎಂ ಬಟನ್ ಅಂದ್ರೆ ಒಂದೇ ಪೀಸ್ ಅಲ್ಲ. ಮುಂದೆ ಕೆಂಪು ಮಶ್ರೂಮ್ ತಲೆ, ಹಿಂದೆ ಅದಕ್ಕೆ ಕ್ಲಿಪ್ ಆಗೋ ಎಲಿಮೆಂಟ್, ಅಂದ್ರೆ ಕಾಂಟ್ಯಾಕ್ಟ್ ಇರೋ ಸಣ್ಣ ಸ್ವಿಚ್. ಅಂಗಡಿಯಲ್ಲಿ ಎನ್‌ಸಿ ಎಲಿಮೆಂಟ್, ಎನ್‌ಒ ಎಲಿಮೆಂಟ್ ಅಂತಾನೇ ಕೇಳ್ಬೇಕು. ಎನ್‌ಸಿ ಅಂದ್ರೆ ಒತ್ತದೇ ಇದ್ದಾಗ ಸರ್ಕ್ಯೂಟ್ ಮುಚ್ಚಿದ್ದು ಒತ್ತಿದ್ರೆ ತೆರೆಯೋದು, ಎನ್‌ಒ ಅದರ ಉಲ್ಟಾ. ಎನ್‌ಸಿ ಸಾಮಾನ್ಯವಾಗಿ ಕೆಂಪು, ಸ್ಕ್ರೂ ಪಕ್ಕದ ನಂಬರ್ 1 ಮತ್ತು 2ರಲ್ಲಿ ಕೊನೆಯಾಗುತ್ತೆ, ಉದಾಹರಣೆಗೆ 11-12. ಎನ್‌ಒ ಹಸಿರು, ನಂಬರ್ 3 ಮತ್ತು 4, ಅಂದ್ರೆ 13-14. ಇ-ಸ್ಟಾಪ್‌ಗೆ ಬಳಸ್ಬೇಕಾಗಿರೋದು ಎನ್‌ಸಿ. ಯಾಕೆ ಅಂದ್ರೆ ಎನ್‌ಸಿಯಲ್ಲಿ ವೈರ್ ತುಂಡಾದ್ರೂ, ಸ್ಕ್ರೂ ಸಡಿಲ ಆದ್ರೂ, ಇಲಿ ಕಡಿದ್ರೂ ಸರ್ಕ್ಯೂಟ್ ಓಪನ್ ಆಗಿ ಮೆಷಿನ್ ನಿಲ್ಲುತ್ತೆ, ತೊಂದರೆ ಅವತ್ತೇ ಗೊತ್ತಾಗುತ್ತೆ. ಎನ್‌ಒಗೆ ಹಾಕಿದ್ರೆ ವೈರ್ ತುಂಡಾಗಿ ಆರು ತಿಂಗಳಾದ್ರೂ ಗೊತ್ತಾಗಲ್ಲ, ಗೊತ್ತಾಗೋದು ನೀವು ಗಾಬರಿಯಲ್ಲಿ ಬಟನ್ ಗುದ್ದಿದಾಗ.

ಈ ಎಲಿಮೆಂಟ್‌ದೇ ಒಂದು ಕೆಟ್ಟ ತೊಂದರೆ ಇದೆ, ಜನಕ್ಕೆ ಹೊಳೆಯೋದೇ ಇಲ್ಲ. ಮೆಷಿನ್ ವೈಬ್ರೇಷನ್‌ಗೋ, ಜೋರಾಗಿ ಗುದ್ದಿ ಗುದ್ದಿನೋ ಎಲಿಮೆಂಟ್ ತಲೆಯಿಂದ ಕಳಚ್ಕೊಂಡು ಬಾಕ್ಸ್ ಒಳಗೆ ವೈರ್‌ನಲ್ಲಿ ನೇತಾಡ್ತಾ ಇರುತ್ತೆ. ಹೊರಗಿಂದ ನೋಡಿದ್ರೆ ಬಟನ್ ಚೆನ್ನಾಗಿದೆ, ಒತ್ತಿದ್ರೆ ಕ್ಲಿಕ್ ಅನ್ನುತ್ತೆ, ಲಾಕ್ ಆಗುತ್ತೆ, ತಿರುಗಿಸಿದ್ರೆ ಬಿಡುತ್ತೆ. ಆದ್ರೆ ಹಿಂದೆ ಎಲಿಮೆಂಟ್‌ನ ಕಡ್ಡಿಯನ್ನ ತಳ್ಳೋಕೆ ಏನೂ ಇಲ್ಲ, ಎನ್‌ಸಿ ಕಾಂಟ್ಯಾಕ್ಟ್ ಮುಚ್ಕೊಂಡೇ ಇದೆ, ಮೆಷಿನ್ ಓಡ್ತಾನೇ ಇದೆ. ಹಾಗಾಗಿ ಬಾಕ್ಸ್ ಬಿಚ್ಚಿದ ತಕ್ಷಣ ಮಾಡೋ ಮೊದಲ ಕೆಲಸ, ಎಲಿಮೆಂಟ್ ಹಿಡಿದು ಮೆಲ್ಲಗೆ ಅಲ್ಲಾಡಿಸಿ ನೋಡೋದು. ಅಲ್ಲಾಡಿದ್ರೆ ಕ್ಲಿಪ್ ಮುರಿದಿದೆಯಾ, ಲಾಕಿಂಗ್ ಸ್ಕ್ರೂ ಸಡಿಲ ಆಗಿದೆಯಾ ನೋಡಿ, ಪ್ಲಾಸ್ಟಿಕ್ ಕಿವಿ ಮುರಿದಿದ್ರೆ ಫೆವಿಕ್ವಿಕ್ ಹಾಕಿ ಅಂಟಿಸ್ಬೇಡಿ, ಬೇರೆ ತನ್ನಿ. ಕಳಚಿದ್ರೆ ತಾನೇ ಸರ್ಕ್ಯೂಟ್ ಓಪನ್ ಮಾಡೋ ಸೆಲ್ಫ್ ಮಾನಿಟರಿಂಗ್ ಎಲಿಮೆಂಟ್ ಅಂತಾನೂ ಬರುತ್ತೆ, ಸಿಕ್ಕಿದ್ರೆ ಅದನ್ನೇ ಹಾಕಿ.

ಎಲಿಮೆಂಟ್ ಗಟ್ಟಿಯಾಗಿದ್ರೆ ಮಲ್ಟಿಮೀಟರ್ ತಗೊಂಡು ಕಂಟಿನ್ಯುಟಿಗೆ (ಕರೆಂಟ್‌ಗೆ ದಾರಿ ಇದ್ರೆ ಬೀಪ್ ಅನ್ನೋ ಸೆಟ್ಟಿಂಗ್) ಇಡಿ. ಪವರ್ ಪೂರ್ತಿ ಆಫ್, ಎಲಿಮೆಂಟ್‌ನ ಒಂದು ಕಡೆ ವೈರ್ ಬಿಚ್ಚಿ ಪಕ್ಕಕ್ಕಿಡಿ, ಇಲ್ಲಾಂದ್ರೆ ಬೇರೆ ದಾರಿಯಿಂದ ಕಂಟಿನ್ಯುಟಿ ಬಂದು ಮೀಟರ್ ದಾರಿ ತಪ್ಪಿಸುತ್ತೆ. ಎನ್‌ಸಿ ಮೇಲೆ ಪ್ರೋಬ್ ಇಟ್ರೆ ಬೀಪ್ ಬರ್ಬೇಕು, ಒತ್ತಿದ್ರೆ ನಿಲ್ಬೇಕು. ಒತ್ತಿದ್ರೂ ಬೀಪ್ ಬರ್ತಾನೇ ಇದ್ರೆ ಕಾಂಟ್ಯಾಕ್ಟ್ ವೆಲ್ಡ್ ಆಗಿದೆ. ಇದು ಹೆಚ್ಚಾಗಿ ಆ ಎರಡನೇ ತರದ ವೈರಿಂಗ್‌ನಲ್ಲಿ ಆಗುತ್ತೆ. ಬಟನ್ ಮೇಲೆ 10 ಆಂಪ್ ಅಂತ ದೊಡ್ಡದಾಗಿ ಬರೆದಿರ್ತಾರೆ, ನಾವು 24 ವೋಲ್ಟ್ 10 ಆಂಪ್ ಸಪ್ಲೈನ ಧೈರ್ಯವಾಗಿ ಹಾಯಿಸಿಬಿಡ್ತೀವಿ, ಆದ್ರೆ ಆ 10 ಅನ್ನೋದು ಕಾಂಟ್ಯಾಕ್ಟ್ ಬಿಸಿಯಾಗದೇ ಹೊರೋ ಕರೆಂಟು, ಕಟ್ ಮಾಡೋ ಕೆಪಾಸಿಟಿ ಅಲ್ಲ. ಕಟ್ ಮಾಡೋದಕ್ಕೆ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಎಸಿ-15, ಡಿಸಿ-13 ಅಂತ ಬೇರೆ ಲೆಕ್ಕ ಇರುತ್ತೆ, ಡಿಸಿಯದ್ದು ತುಂಬಾ ಕಮ್ಮಿ. ಎಸಿ ಕರೆಂಟ್ 50 ಹರ್ಟ್ಜ್‌ನಲ್ಲಿ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತೆ, ಕಿಡಿ ಅಲ್ಲೇ ಆರುತ್ತೆ, ಡಿಸಿಗೆ ಆ ಸೊನ್ನೆ ಇಲ್ಲ, ಕಿಡಿ ಎಳ್ಕೊಂಡು ಬೆಳ್ಳಿ ಕಾಂಟ್ಯಾಕ್ಟ್ ಕರಗಿಸಿ ಅಂಟಿಸಿಬಿಡುತ್ತೆ. ಎಲಿಮೆಂಟ್ ಬದಲಾಯಿಸಿ ಮತ್ತೆ ಅದೇ ತರ ವೈರ್ ಮಾಡಿದ್ರೆ ಮತ್ತೆ ಅದೇ ಆಗುತ್ತೆ, ಕಾಂಟ್ಯಾಕ್ಟರ್ ಇರೋ ಮೂರನೇ ತರದ ವೈರಿಂಗ್ ಮಾಡ್ಕೊಳ್ಳಿ.

ಎಲಿಮೆಂಟ್ ತಗೋವಾಗ ಅದರ ಮೇಲೆ ವೃತ್ತದೊಳಗೆ ಬಾಣದ ಚಿಹ್ನೆ ಇದೆಯಾ ನೋಡಿ. ಒತ್ತಿದಾಗ ಕಾಂಟ್ಯಾಕ್ಟ್ ಅಂಟ್ಕೊಂಡಿದ್ರೂ ಬಟನ್‌ನ ಬಲವೇ ಅದನ್ನ ಬಿಡಿಸುತ್ತೆ, ಸ್ಪ್ರಿಂಗ್ ನಂಬ್ಕೊಂಡಿಲ್ಲ ಅನ್ನೋದಕ್ಕೆ ಆ ಚಿಹ್ನೆ. ಇ-ಸ್ಟಾಪ್ ಬಟನ್‌ಗಳ ಸ್ಟ್ಯಾಂಡರ್ಡ್ ಐಇಸಿ 60947-5-5 ಇದನ್ನ ಕೇಳುತ್ತೆ. ಬಟನ್ ಒತ್ತಿದ್ರೆ ಲಾಕ್ ಆಗಿ ಉಳೀಬೇಕು ಅಂತಾನೂ ಅದರಲ್ಲಿದೆ, ಹಾಗಾಗಿ ನಿಮ್ಮ ಬಟನ್ ಬೆರಳು ತೆಗೆದ ತಕ್ಷಣ ವಾಪಸ್ ಬರ್ತಿದ್ರೆ ಒಳಗಿನ ಲಾಕ್ ಸವೆದಿದೆ, ಇಲ್ಲಾ ಎಂಡಿಎಫ್ ಹಲಗೆಯ ಧೂಳು ತುಂಬಿದೆ. ಈ ಎಂಡಿಎಫ್ ಧೂಳು ಮೈದಾ ತರ ಇರುತ್ತೆ, ಮಳೆಗಾಲದಲ್ಲಿ ತೇವ ಹಿಡಿದು ಗಟ್ಟಿಯಾಗುತ್ತೆ, ಗಾಳಿ ಹೊಡೆದು ಕ್ಲೀನ್ ಮಾಡಿದ್ರೆ ಸ್ವಲ್ಪ ದಿನ ಸರಿ ಹೋಗ್ಬಹುದು, ಆದ್ರೆ ಲಾಕ್ ತಪ್ಪಿರೋ ತಲೆಯನ್ನ ನಾನಂತೂ ಇಟ್ಕೊಳ್ಳಲ್ಲ.

ಕಾಂಟ್ಯಾಕ್ಟರ್ ಇರೋ ಮೆಷಿನ್‌ನಲ್ಲಿ ಬಟನ್ ಪಾಸ್ ಆದ್ರೂ ಪವರ್ ಹೋಗ್ತಿಲ್ಲ ಅಂದ್ರೆ ಕಾಂಟ್ಯಾಕ್ಟರ್‌ನ ಮೇನ್ ಕಾಂಟ್ಯಾಕ್ಟೇ ಅಂಟ್ಕೊಂಡಿರುತ್ತೆ. ಪ್ಲಗ್ ಕಿತ್ತಿರೋವಾಗ ಇನ್‌ಪುಟ್ ಔಟ್‌ಪುಟ್ ಮಧ್ಯೆ ಮೀಟರ್ ಇಡಿ, ಬೀಪ್ ಬಂದ್ರೆ ಹೊಸದು ಹಾಕಿ.

ಒತ್ತದೇ ಇದ್ರೂ ನಿಲ್ತಿದೆ ಅಂದ್ರೆ

ಇದರಲ್ಲಿ ಮೊದ್ಲು ಇದು ಇ-ಸ್ಟಾಪ್‌ದೇ ಕೆಲಸನಾ ಅಂತ ಗ್ಯಾರಂಟಿ ಮಾಡ್ಕೊಳ್ಳಿ, ಸುಮ್ನೆ ಬಟನ್ ಮೇಲೆ ಗೂಬೆ ಕೂರಿಸ್ಬೇಡಿ. ಜಿಆರ್‌ಬಿಎಲ್ 1.1ರಲ್ಲಿ ಜಾಬ್ ಓಡ್ತಿದ್ದಾಗ ಅಬಾರ್ಟ್ ಪಿನ್ ಟ್ರಿಗರ್ ಆದ್ರೆ ಅಲಾರ್ಮ್ 3 ಬರುತ್ತೆ. ಅಲಾರ್ಮ್ 1 ಬಂದಿದ್ರೆ ಅದು ಲಿಮಿಟ್ ಸ್ವಿಚ್. ಯಾವ ಅಲಾರ್ಮೂ ಇಲ್ಲದೇ ಜಿಆರ್‌ಬಿಎಲ್ ಹೆಸರು ವರ್ಷನ್ ಇರೋ ಶುರುವಿನ ಸಾಲು ಮಾತ್ರ ಬಂದಿದ್ರೆ ಬೋರ್ಡೇ ರೀಸ್ಟಾರ್ಟ್ ಆಗಿದೆ, 5 ವೋಲ್ಟ್ ಸಪ್ಲೈ ನೋಡಿ. ಪೋರ್ಟ್ ಡಿಸ್ಕನೆಕ್ಟ್ ಅಂತ ಬಂದ್ರೆ ಯುಎಸ್‌ಬಿ ಕೇಬಲ್. ಕನ್ಸೋಲ್‌ನಲ್ಲಿ ? ಅಂತ ಕಳಿಸಿದ್ರೆ ಬರೋ ಸ್ಟೇಟಸ್ ಸಾಲಲ್ಲಿ ಪಿಎನ್ (Pn) ಅನ್ನೋ ಭಾಗ ಇರುತ್ತೆ, ಅಲ್ಲಿ ಆರ್ (R) ಅಕ್ಷರ ಕಂಡ್ರೆ ಬಟನ್ ಒತ್ತಿದೆ ಅಂತ ಬೋರ್ಡ್ ನೋಡ್ತಿದೆ ಅಂತ ಅರ್ಥ. ಯಾವ ಪಿನ್ನೂ ಆನ್ ಆಗಿಲ್ಲ ಅಂದ್ರೆ ಆ ಭಾಗವೇ ಬರಲ್ಲ. ಬಟನ್ ಒತ್ತಿ, ಬಿಟ್ಟು, ವೈರ್ ಅಲ್ಲಾಡಿಸಿ, ಒಂದೊಂದು ಸಲಕ್ಕೂ ? ಕಳಿಸಿ ನೋಡಿ, ಮೀಟರ್‌ಗಿಂತ ಬೇಗ ಗೊತ್ತಾಗುತ್ತೆ. ಜಿಆರ್‌ಬಿಎಲ್ ಬದಲು ಕಂಪ್ಯೂಟರ್‌ನಲ್ಲಿ ಮ್ಯಾಕ್ 3 ಅನ್ನೋ ಸಾಫ್ಟ್‌ವೇರ್ ಓಡಿಸೋರಾದ್ರೆ ಡಯಾಗ್ನಾಸ್ಟಿಕ್ಸ್ ಪೇಜ್‌ನಲ್ಲಿ ಎಮರ್ಜೆನ್ಸಿ ಲೈಟ್ ಇದೆ, ಅದನ್ನ ನೋಡ್ಕೊಂಡು ಇದನ್ನೇ ಮಾಡಿ.

ಇ-ಸ್ಟಾಪ್‌ದೇ ಅಂತ ಗೊತ್ತಾದ್ರೆ ಹೆಚ್ಚಿನ ಸಲ ಸ್ಕ್ರೂ ಟರ್ಮಿನಲ್‌ನಲ್ಲೇ ಸಿಗುತ್ತೆ. ವೈರ್ ಮೇಲಿನ ಪ್ಲಾಸ್ಟಿಕ್ ಸಮೇತ ಸ್ಕ್ರೂ ಕೆಳಗೆ ಸಿಕ್ಕಿಸಿರ್ತಾರೆ, ತಾಮ್ರ ಅರ್ಧಂಬರ್ಧ ತಾಗ್ತಿರುತ್ತೆ, ಸ್ಪಿಂಡಲ್ ಸ್ಪೀಡ್ ಏರಿದಾಗ ವೈಬ್ರೇಷನ್‌ಗೆ ಒಂದು ಕ್ಷಣ ಬಿಟ್ಟೋಗುತ್ತೆ. ಬೆಸುಗೆ ಹಾಕಿರೋ ತುದಿಯನ್ನ ಸ್ಕ್ರೂ ಕೆಳಗೆ ಹಾಕಿದ್ರೂ ಅಷ್ಟೇ, ಸೀಸ ಮೆತ್ತಗೆ, ಒತ್ತಡಕ್ಕೆ ನಿಧಾನಕ್ಕೆ ಹರಡ್ಕೊಂಡು ಸಡಿಲ ಆಗುತ್ತೆ. ಪಿನ್ ಲಗ್ ಹಾಕಿ ಕ್ರಿಂಪ್ ಮಾಡಿ ಟೈಟ್ ಮಾಡಿ, ಬೆಂಗಳೂರಿನವರಾದ್ರೆ ಎಸ್‌ಪಿ ರೋಡ್‌ನಲ್ಲಿ ಲಗ್ಸು, ಕ್ರಿಂಪಿಂಗ್ ಟೂಲು, ಎಲಿಮೆಂಟು ಎಲ್ಲಾ ಒಂದೇ ಓಡಾಟಕ್ಕೆ ಸಿಗುತ್ತೆ. ವೈರ್ ಡ್ರ್ಯಾಗ್ ಚೈನ್ (ವೈರ್‌ಗಳನ್ನ ಹೊತ್ತು ಮಡಚೋ ಸರಪಳಿ) ಒಳಗೆ ಹೋಗಿದ್ರೆ ಗ್ಯಾಂಟ್ರಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗಲೇ ಟ್ರಿಪ್ ಆಗುತ್ತಾ ಗಮನಿಸಿ. ಹಾಗಿದ್ರೆ ಮೇಲಿನ ಪ್ಲಾಸ್ಟಿಕ್ ಚೆನ್ನಾಗಿದ್ದು ಒಳಗೆ ತಾಮ್ರ ತುಂಡಾಗಿರುತ್ತೆ, ಮೋಟಾರ್ ಆಫ್ ಮಾಡಿ ಗ್ಯಾಂಟ್ರಿಯನ್ನ ಕೈಯಲ್ಲಿ ನಿಧಾನಕ್ಕೆ ತಳ್ತಾ ಮೀಟರ್ ಬೀಪ್ ಕೇಳಿಸ್ಕೊಳ್ಳಿ.

ವೈರ್ ಎಲ್ಲಾ ಸರಿ ಇದ್ರೆ ಎಲಿಮೆಂಟ್ ರೆಸಿಸ್ಟೆನ್ಸ್ ಅಳೀರಿ. ಮೊದ್ಲು ಎರಡು ಪ್ರೋಬ್ ಒಂದಕ್ಕೊಂದು ಮುಟ್ಟಿಸಿ ಬರೋ ಸಂಖ್ಯೆ ನೆನಪಿಟ್ಕೊಳ್ಳಿ, ಅದನ್ನ ಕಳೆದ್ರೆ ಒಳ್ಳೆ ಕಾಂಟ್ಯಾಕ್ಟ್ ಒಂದು ಓಮ್‌ಗಿಂತ ಕಮ್ಮಿ ತೋರಿಸುತ್ತೆ. ಒಂದ್ಸಲ 2, ಇನ್ನೊಂದ್ಸಲ 40, ಮತ್ತೆ ಒತ್ತಿ ಬಿಟ್ರೆ 300 ಅಂತ ಕುಣೀತಾ ಇದ್ರೆ ಕಾಂಟ್ಯಾಕ್ಟ್ ಮೇಲೆ ಪದರ ಕಟ್ಟಿದೆ. ಸ್ಕ್ರೂ ಡ್ರೈವರ್ ಹಿಡಿಯಿಂದ ಬಟನ್ ಪಕ್ಕಕ್ಕೆ ಮೆಲ್ಲಗೆ ತಟ್ಟಿಯೂ ನೋಡಿ.

ಈ ಪದರ ಕಟ್ಟೋದಕ್ಕೆ ಒಂದು ಕಾರಣ ಇದೆ, ಅದು ಗೊತ್ತಿದ್ರೆ ಮತ್ತೆ ಮತ್ತೆ ಎಲಿಮೆಂಟ್ ಬದಲಾಯಿಸೋದು ತಪ್ಪುತ್ತೆ. ಪ್ಯಾನೆಲ್ ಬಟನ್‌ನ ಬೆಳ್ಳಿ ಕಾಂಟ್ಯಾಕ್ಟ್‌ಗಳು 24 ವೋಲ್ಟು, 230 ವೋಲ್ಟಿಗೆ ಅಂತ ಮಾಡಿರೋದು, ಸ್ವಲ್ಪ ಕರೆಂಟ್ ಹರಿದ್ರೇನೇ ಆ ಪದರ ಒಡೆದು ಕ್ಲೀನ್ ಆಗೋದು. ಊನೋದ ಚಿಪ್ ಒಳಗಿರೋ ಪುಲ್‌ಅಪ್ (ಪಿನ್ನನ್ನ 5 ವೋಲ್ಟಿಗೆ ಎಳೆದಿಡೋ ರೆಸಿಸ್ಟರ್) 20ರಿಂದ 50 ಕಿಲೋಓಮ್, ಅಂದ್ರೆ 5 ವೋಲ್ಟಿಗೆ ಹರಿಯೋದು 0.1ರಿಂದ 0.25 ಮಿಲಿಆಂಪ್ ಮಾತ್ರ. ಅಷ್ಟರಲ್ಲಿ ಏನೂ ಕ್ಲೀನ್ ಆಗಲ್ಲ. ಮೇಲಾಗಿ ಅಷ್ಟು ದುರ್ಬಲ ಲೈನ್ ಆಂಟೆನಾ ತರ ಸ್ಟೆಪ್ಪರ್ ಮೋಟಾರ್‌ದು ವಿಎಫ್‌ಡಿದು ಎಲ್ಲಾ ಎಲೆಕ್ಟ್ರಿಕಲ್ ನಾಯ್ಸ್ ಹಿಡ್ಕೊಳ್ಳುತ್ತೆ. ಎ0 ಪಿನ್‌ನಿಂದ 5 ವೋಲ್ಟಿಗೆ ಒಂದು 1 ಕಿಲೋಓಮ್ ರೆಸಿಸ್ಟರ್ ಹಾಕಿದ್ರೆ 5 ಮಿಲಿಆಂಪ್ ಹರಿಯುತ್ತೆ, ಎರಡೂ ತೊಂದರೆ ಕಮ್ಮಿಯಾಗುತ್ತೆ. ಜೊತೆಗೆ ಪಿನ್‌ನಿಂದ ಗ್ರೌಂಡ್‌ಗೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್, ಬೋರ್ಡ್ ಹತ್ರಾನೇ, ಬಟನ್ ಹತ್ರ ಅಲ್ಲ. ಇನ್ನೂ ಚೆನ್ನಾಗಿ ಮಾಡ್ಬೇಕು ಅಂದ್ರೆ ಬಟನ್‌ಗೆ 24 ವೋಲ್ಟ್ ಹಾಯಿಸಿ ಆಪ್ಟೋಕಪ್ಲರ್ (ಬೆಳಕಿನಿಂದ ಸಿಗ್ನಲ್ ದಾಟಿಸೋ ಚಿಪ್) ಮೂಲಕ ಬೋರ್ಡ್‌ಗೆ ಕೊಡಿ.

ಇ-ಸ್ಟಾಪ್ ವೈರನ್ನ ಸ್ಪಿಂಡಲ್ ಕೇಬಲ್ ಜೊತೆ ಒಂದೇ ಟೈಗೆ ಕಟ್ಟಿದ್ರೆ ಬಿಡಿಸಿ ದೂರ ಓಡಿಸಿ. ಎರಡು ವೈರ್ ಒಂದಕ್ಕೊಂದು ಹೊಸೆದಿರ್ಲಿ, ಶೀಲ್ಡ್ (ವೈರ್ ಸುತ್ತ ಇರೋ ಲೋಹದ ಹೊದಿಕೆ) ಇರೋ ಕೇಬಲ್ ಆದ್ರೆ ಶೀಲ್ಡನ್ನ ಕಂಟ್ರೋಲರ್ ಕಡೆ ಮಾತ್ರ ಅರ್ತ್ ಮಾಡಿ. ಮನೆಯ ಅರ್ತಿಂಗೇ ಸರಿ ಇಲ್ಲದಿದ್ರೆ ಇದೆಲ್ಲಾ ಅರ್ಧಕ್ಕರ್ಧ ವೇಸ್ಟು, ಅದನ್ನ ಎಲೆಕ್ಟ್ರಿಷಿಯನ್ ಹತ್ರ ಚೆಕ್ ಮಾಡಿಸಿ. ಮ್ಯಾಕ್ 3ರಲ್ಲಿ ಡಿಬೌನ್ಸ್ (ಸಿಗ್ನಲ್ ಎಷ್ಟು ಹೊತ್ತು ಇದ್ರೆ ನಂಬ್ಬೇಕು ಅನ್ನೋ ಸೆಟ್ಟಿಂಗ್) ಜಾಸ್ತಿ ಮಾಡೋ ದಾರಿನೂ ಇದೆ, ಆದ್ರೆ ವೈರ್ ಸರಿ ಮಾಡಿದ ಮೇಲೆ ಕೊನೇದಾಗಿ ಸ್ವಲ್ಪ ಮಾತ್ರ ಏರಿಸಿ.

ಇನ್ನೊಂದು ವಿಚಿತ್ರ ಲಕ್ಷಣ ಕೆಲವರಿಗೆ ಬರುತ್ತೆ, ಬಟನ್ ಒತ್ತಿ ಹಿಡಿದಾಗ ಮಾತ್ರ ಮೆಷಿನ್ ರೆಡಿ, ಬಿಟ್ರೆ ಇ-ಸ್ಟಾಪ್. ಇದು ಲಾಜಿಕ್ ಉಲ್ಟಾ ಆಗಿರೋದು. ಮ್ಯಾಕ್ 3ರಲ್ಲಿ ಇನ್‌ಪುಟ್ ಸಿಗ್ನಲ್ಸ್ ಒಳಗೆ ಇ-ಸ್ಟಾಪ್ ಸಾಲಿನ ಆಕ್ಟಿವ್ ಲೋ ಟಿಕ್ ಬದಲಾಯಿಸಿದ್ರೆ ಸರಿ ಹೋಗುತ್ತೆ, ಆದ್ರೆ ಬದಲಾಯಿಸೋ ಮುಂಚೆ ವೈರ್ ಎನ್‌ಸಿಗೇ ಹೋಗಿದೆಯಾ ನೋಡಿ, ಇಲ್ಲಾಂದ್ರೆ ಎನ್‌ಒ ವೈರಿಂಗ್‌ಗೆ ಸಾಫ್ಟ್‌ವೇರ್ ಹೊಂದಿಸಿದಂಗೆ ಆಗುತ್ತೆ. ಜಿಆರ್‌ಬಿಎಲ್ ಮಾಮೂಲಿಯಾಗಿ ಎನ್‌ಒ ಅಂದ್ಕೊಂಡೇ ಬರುತ್ತೆ, ಎನ್‌ಸಿಗೆ ಮಾಡ್ಬೇಕು ಅಂದ್ರೆ ಕಾನ್ಫಿಗ್ ಫೈಲ್‌ನಲ್ಲಿ ಕಂಟ್ರೋಲ್ ಪಿನ್ ಇನ್ವರ್ಟ್ ಮಾಡೋ ಸಾಲು ತೆರೆದು (ಮುಂದಿನ // ಗುರುತು ತೆಗೆದು) ಮತ್ತೆ ಕಂಪೈಲ್ ಮಾಡಿ ಅಪ್‌ಲೋಡ್ ಮಾಡ್ಬೇಕು. ಆ ಸಾಲನ್ನ ಹಂಗೇ ತೆರೆದ್ರೆ ಹೋಲ್ಡ್, ರೆಸ್ಯೂಮ್ ಪಿನ್‌ಗಳೂ ಉಲ್ಟಾ ಆಗಿ, ಅಲ್ಲಿ ವೈರ್ ಇಲ್ಲದೇ ಇದ್ರೂ ಒತ್ತಿದಂಗೆ ಕಾಣುತ್ತೆ, ಹಾಗಾಗಿ ರೀಸೆಟ್ ಬಿಟ್ ಒಂದನ್ನೇ ಅದರಲ್ಲಿ ಕೊಡಿ.

ಬಟನ್ ಬಿಟ್ಟ ತಕ್ಷಣ ಮೆಷಿನ್ ಹೊರಟ್ರೆ

ಇದನ್ನ ತೊಂದರೆ ಅಂತಾನೇ ಎಷ್ಟೋ ಜನ ಲೆಕ್ಕಕ್ಕೆ ತಗೊಳ್ಳಲ್ಲ. ಬಟನ್ 24 ವೋಲ್ಟ್ ಮಾತ್ರ ಕಟ್ ಮಾಡ್ತಿದೆ ಅಂದ್ಕೊಳ್ಳಿ. ಮೋಟಾರ್ ನಿಂತ್ವು, ಆದ್ರೆ ಆರ್ಡುಯಿನೋ ಯುಎಸ್‌ಬಿ ಮೇಲೆ ಬದುಕೇ ಇದೆ, ಕಂಪ್ಯೂಟರ್ ಜಿಕೋಡ್ (ಎಲ್ಲಿಗೆ ಓಡ್ಬೇಕು ಅನ್ನೋ ಸೂಚನೆ) ಕಳಿಸ್ತಾನೇ ಇದೆ, ಬೋರ್ಡ್ ಲೆಕ್ಕದಲ್ಲಿ ಗ್ಯಾಂಟ್ರಿ ಓಡ್ತಾ ಇದೆ. ನೀವು ಸಿಕ್ಕಿಹಾಕ್ಕೊಂಡ ತುಂಡು ತೆಗೆಯೋಕೆ ಕೈ ಹಾಕಿ, ಇನ್ನೊಂದು ಕೈಯಲ್ಲಿ ಬಟನ್ ತಿರುಗಿಸಿದ್ರೆ ಮೋಟಾರ್‌ಗಳಿಗೆ ಪವರ್ ಬಂದು ಮೆಷಿನ್ ಎಲ್ಲೆಲ್ಲಿಗೋ ಹೊರಡುತ್ತೆ. ಬಟನ್ ಬಿಡೋದು ಬೇರೆ, ಮೆಷಿನ್ ಸ್ಟಾರ್ಟ್ ಮಾಡೋದು ಬೇರೆ ಇರ್ಬೇಕು.

ಅದಕ್ಕೆ ಕಾಂಟ್ಯಾಕ್ಟರ್ ಜೊತೆ ಒಂದು ಹಸಿರು ಸ್ಟಾರ್ಟ್ ಬಟನ್ ಹಾಕಿ. ಕಾಯಿಲ್ ಲೈನ್‌ನಲ್ಲಿ ಮೊದ್ಲು ಇ-ಸ್ಟಾಪ್ ಎನ್‌ಸಿ, ಆಮೇಲೆ ಸ್ಟಾರ್ಟ್ ಬಟನ್‌ನ ಎನ್‌ಒ, ಅದಕ್ಕೆ ಪ್ಯಾರಲಲ್ ಆಗಿ ಕಾಂಟ್ಯಾಕ್ಟರ್‌ದೇ ಆಕ್ಸಿಲರಿ (ಜೊತೆಗಿರೋ ಸಣ್ಣ ಕಾಂಟ್ಯಾಕ್ಟ್) ಎನ್‌ಒ, ಆಮೇಲೆ ಕಾಯಿಲ್. ಬೋರ್‌ವೆಲ್ ಸ್ಟಾರ್ಟರ್ ಒಳಗೆ ಇರೋದೂ ಇದೇ ಹೋಲ್ಡಿಂಗ್ ಸರ್ಕ್ಯೂಟು, ಪಂಪ್‌ಸೆಟ್ ರಿಪೇರಿ ಮಾಡೋ ಯಾರಿಗೆ ಹೇಳಿದ್ರೂ ಕಟ್ಟಿಕೊಡ್ತಾರೆ. ಕರೆಂಟ್ ಹೋಗಿ ಬಂದ್ರೂ ಮೆಷಿನ್ ತಾನಾಗೇ ಹೊರಡಲ್ಲ, ನಮ್ಮ ಕಡೆ ಲೋಡ್ ಶೆಡ್ಡಿಂಗ್‌ಗೆ ಇದು ಬೇಕೇ ಬೇಕು. ಕಾಂಟ್ಯಾಕ್ಟರ್‌ನ್ನ ಎಸ್‌ಎಂಪಿಎಸ್ ಮತ್ತು ವಿಎಫ್‌ಡಿಯ ಇನ್‌ಪುಟ್ ಕಡೆ ಹಾಕಿ, ಫೇಸು ನ್ಯೂಟ್ರಲ್ಲು ಎರಡೂ ಕಟ್ ಆಗ್ಲಿ. ವಿಎಫ್‌ಡಿ ಮತ್ತು ಸ್ಪಿಂಡಲ್ ಮಧ್ಯೆ, ಸ್ಟೆಪ್ಪರ್ ಡ್ರೈವರ್ ಮತ್ತು ಮೋಟಾರ್ ಮಧ್ಯೆ ಯಾವತ್ತೂ ಹಾಕ್ಬೇಡಿ, ಓಡ್ತಿರೋವಾಗ ಅಲ್ಲಿ ಕಟ್ ಆದ್ರೆ ಡ್ರೈವರ್ ಸುಟ್ಟೋಗ್ಬಹುದು. 230 ವೋಲ್ಟ್ ವೈರಿಂಗ್ ಕೈ ಪಳಗಿಲ್ಲದವರು ಈ ಭಾಗ ಎಲೆಕ್ಟ್ರಿಷಿಯನ್‌ಗೆ ಬಿಡಿ.

ಮುಚ್ಚೋ ಮುಂಚೆ ಟೆಸ್ಟ್

ಬಿಟ್ ತೆಗೆದುಬಿಡಿ, ಮರ ಇಡ್ಬೇಡಿ. ಗಾಳಿಯಲ್ಲೇ ಒಂದು ಉದ್ದದ ಮೂವ್ ಕೊಟ್ಟು, ಸ್ಪಿಂಡಲ್ ಆನ್ ಮಾಡಿ, ಬಟನ್ ಒತ್ತಿ. ಎಕ್ಸ್, ವೈ, ಝಡ್, ಸ್ಪಿಂಡಲ್ ನಾಲ್ಕಕ್ಕೂ ಪವರ್ ಹೋಗ್ಬೇಕು, ಸ್ಪಿಂಡಲ್ ಮಾತ್ರ ತನ್ನ ವೇಗಕ್ಕೆ ಸ್ವಲ್ಪ ಹೊತ್ತು ತಿರುಗಿ ನಿಲ್ಲುತ್ತೆ, ಆ ಹೊತ್ತು ಎಷ್ಟು ಅಂತ ಗಮನಿಸಿ ಅಷ್ಟೂ ಹೊತ್ತು ಕೈ ದೂರ ಇಡೋದು ಅಭ್ಯಾಸ ಮಾಡ್ಕೊಳ್ಳಿ. ಝಡ್‌ಗೆ ಬಾಲ್‌ಸ್ಕ್ರೂ ಇದ್ದು ಸ್ಪಿಂಡಲ್ ಭಾರ ಇದ್ರೆ ಪವರ್ ಹೋದಾಗ ಕೆಳಗೆ ಜಾರುತ್ತಾ ನೋಡಿ, ಜಾರಿದ್ರೆ ಸ್ಪ್ರಿಂಗೋ ಬ್ರೇಕೋ ಬೇಕು. ಆಮೇಲೆ ಬಟನ್ ತಿರುಗಿಸಿ ಬಿಡಿ, ಏನೂ ಅಲ್ಲಾಡ್ಬಾರ್ದು. ಕೊನೇದಾಗಿ ಪ್ಲಗ್ ಕಿತ್ತು, ಇ-ಸ್ಟಾಪ್‌ನ ಒಂದು ವೈರ್ ಬಿಚ್ಚಿ ತುದಿಗೆ ಟೇಪ್ ಸುತ್ತಿ, ಮತ್ತೆ ಪ್ಲಗ್ ಹಾಕಿ ಸ್ಟಾರ್ಟ್ ಒತ್ತಿ ನೋಡಿ. ಮೆಷಿನ್ ಆನ್ ಆಗ್ಲೇಬಾರ್ದು, ಆನ್ ಆದ್ರೆ ಎಲ್ಲೋ ಬೈಪಾಸ್ ಇದೆ ಅಥವಾ ವೈರಿಂಗ್ ಎನ್‌ಒನಲ್ಲಿದೆ, ಮತ್ತೆ ಮೊದಲಿಂದ ವೈರ್ ಹಿಡ್ಕೊಂಡು ಹೋಗಿ.

ಪ್ರತಿ ಸಲ ಇ-ಸ್ಟಾಪ್ ಆದ್ಮೇಲೆ ಜಿಆರ್‌ಬಿಎಲ್‌ನಲ್ಲಿ ಡಾಲರ್ ಎಕ್ಸ್ ($X) ಕೊಟ್ಟು ಅನ್‌ಲಾಕ್ ಮಾಡಿ ಅಲ್ಲಿಂದಲೇ ಮುಂದುವರಿಸ್ಬೇಡಿ, ಮೋಟಾರ್ ಸ್ಟೆಪ್ ತಪ್ಪಿರುತ್ತೆ, ಡಾಲರ್ ಎಚ್ ($H) ಕೊಟ್ಟು ಹೋಮಿಂಗ್ (ಮೆಷಿನ್ ತನ್ನ ಶುರುವಿನ ಜಾಗ ಹುಡುಕೋದು) ಮಾಡಿ ಜೀರೋ ಮತ್ತೆ ಸೆಟ್ ಮಾಡಿ. ಬಟನ್ ಜಾಗಾನೂ ಇದೇ ನೆಪದಲ್ಲಿ ನೋಡ್ಕೊಳ್ಳಿ, ಗ್ಯಾಂಟ್ರಿ ಮೇಲೆ ಬಗ್ಗದೇ ಎರಡೂ ಕೈಗೆ ಸಿಗೋ ಹಾಗೆ ಟೇಬಲ್ ಮುಂದಿನ ಅಂಚಿನಲ್ಲಿ ಇರ್ಲಿ, ಕಂಟ್ರೋಲ್ ಬಾಕ್ಸ್ ಮೆಷಿನ್ ಹಿಂದೆ ಇದ್ದು ಬಟನ್ನೂ ಅಲ್ಲೇ ಇದ್ರೆ ವೈರ್ ಉದ್ದ ಮಾಡಿ ಮುಂದೆ ತಗೊಂಡು ಬನ್ನಿ.